ಬಾಗಿಲ ಹೊರಗೆ ಅತ್ತವನು

ಚಂಗನಾಶ್ಶೇರಿ
9 ಫೆಬ್ರವರಿ 1993

ಪ್ರೀತಿಯ ಜಾನ್ಸಿಗೆ,

ನಿನ್ನ ಧಾರಾವಾಹಿ ಈ ಊರಲ್ಲೂ ಮನೆಮಾತಾಗಿದೆ. ನಾನು ಹೊಲಿಗೆ ಕೆಲಸಕ್ಕೆ ಹೋಗುವ ಕಾನ್ವೆಂಟಿನಲ್ಲಿ ವಾರಪತ್ರಿಕೆ ಬಂದ ದಿನ ಮೆಷಿನ್‌ಗಳೆಲ್ಲ ನಿಂತುಬಿಡುತ್ತವೆ. ಜೊತೆಗೆ ಹೊಲಿಯುವ ತ್ರೇಸ್ಯಾಮ್ಮ ಗಟ್ಟಿಯಾಗಿ ಓದುತ್ತಾಳೆ. ನಿನ್ನ ನಾಯಕ ಹೆಂಡತಿಯನ್ನು ಕೋಣೆಯಲ್ಲಿ ಕೂಡಿಹಾಕಿದ ಕಂತು ಮುಗಿದಾಗ, "ಇಷ್ಟು ಹಚ್ಕೊಂಡಿರೋ ಗಂಡ ಸಿಕ್ಕಿದ್ರೆ ನಾನೇ ಒಳಗೆ ಹೋಗಿ ಕೂತ್ಕೋತಿದ್ದೆ ಕಣ್ರೇ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಕೋಣೆಯಲ್ಲಿದ್ದವಳು ನಾನೇ ಎಂದು ಹೇಗೆ ಹೇಳಲಿ?

ಕಟ್ಟಿಕೊಂಡ ಗಂಡ ಮಾಥನ್‌ನನ್ನು ಬಿಟ್ಟು ಹೊರಟಾಗ ಪಾಲಾದಲ್ಲಿ ನಾನು ಮೊದಲು ಬಂದದ್ದು ನಿನ್ನ ಅಡುಗೆಮನೆಗೆ. ನೀನು ಕಪ್ಪಗೆಣಸು ಬೇಯಿಸಿ ಮುಂದಿಟ್ಟು, "ಎಲ್ಲಾ ಹೇಳ್ಬಿಡು, ಹಗುರಾಗುತ್ತೆ" ಅಂದೆ. ಹೇಳಿದೆ. ಬಸ್ಸಿನಲ್ಲಿ ಯಾರೊಂದಿಗೋ ಮಾತಾಡಿದೆನೆಂದು ಅವನು ನನ್ನ ಮಣಿಕಟ್ಟು ಮುರಿದದ್ದು, ಕೋಣೆಗೆ ತಳ್ಳಿ ಬೀಗ ಹಾಕಿದ್ದು, ಆಮೇಲೆ ತಾನೇ ಅನ್ನ ಕಲಸಿ ಬಾಯಿಗಿಟ್ಟದ್ದು. ನೀನು ನನಗಿಂತ ಹೆಚ್ಚು ಅತ್ತೆ. ನಿನ್ನ ಕಥೆಯಲ್ಲಿ ಬೀಗ ಇದೆ, ತುತ್ತೂ ಇದೆ. ಮುರಿದ ಕೈ ಇಲ್ಲ.

ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಕಳೆದ ವಾರದ ಕಂತಿನಲ್ಲಿ ನಿನ್ನ ನಾಯಕ ಬಾಗಿಲಿಗೆ ಕೆನ್ನೆಯಿಟ್ಟು, ಒಳಗೆ ಕೇಳದಿರಲೆಂದು ಅಂಗಿಯ ತೋಳು ಕಚ್ಚಿಕೊಂಡು ಅಳುತ್ತಾನೆ. "ಮೈನಾ" ಎಂದು ಅವಳನ್ನು ಕರೆಯುತ್ತಾನೆ. ಬಾಗಿಲ ಹೊರಗೆ ಏನಾಯಿತೋ ನನಗೆ ಗೊತ್ತಿಲ್ಲ. ಅದು ನಿನ್ನ ಕಲ್ಪನೆಯೇ ಇರಬಹುದು. ಆದರೆ ಮೈನಾ ಎಂಬ ಹೆಸರು ಮಾಥನ್ ನನಗಿಟ್ಟದ್ದು, ನಮ್ಮಿಬ್ಬರ ನಡುವಿನದ್ದು. ನಾಚಿಕೆಯಿಂದ ನಿನಗೂ ಹೇಳಿರಲಿಲ್ಲ.

ನಾನೀಗಿರುವುದು ಚೇಚ್ಚಿಯ ಮನೆಯಲ್ಲಿ. ಅಕ್ಕ ತಾನೇ, ಅವಳನ್ನು ಹಿಡಿದು ಕೂರಿಸಿ ಕೇಳಿದೆ. "ಭಾನುವಾರ ಪೂಜೆ ಮುಗೀತಿದ್ದ ಹಾಗೆ ಅವನ ಜೀಪು ಜಾನ್ಸಿ ಮನೆ ಮುಂದೆ ನಿಂತಿರುತ್ತಂತೆ. ನಿಂಗೆ ಹೇಳೋಕೆ ಬಾಯಿ ಬರ್ಲಿಲ್ಲ ಕಣೇ" ಅಂದಳು.

ಗಂಡನನ್ನು ಕಸಿದುಕೊಂಡೆ ಎಂಬ ಸಿಟ್ಟಿಲ್ಲ. ಅವನು ನನಗೆ ಬೇಡ. ನನ್ನ ಮಾತು ಕೇಳಿದ ಕಿವಿಯಿಂದಲೇ ಅವನದ್ದನ್ನೂ ಕೇಳಿ, ಅವನದ್ದನ್ನು ನಂಬಿದೆಯಲ್ಲ, ಅದು ಸುಡುತ್ತದೆ. ಅವನ ಅಳು ನಾಟಕವಲ್ಲ, ಜಾನ್ಸಿ. ನನ್ನ ಕೈ ಮುರಿದ ದಿನವೂ ನಿಜವಾಗಿಯೇ ಅತ್ತಿದ್ದ. ನಿನಗಾಗಿಯೂ ಅಳುತ್ತಾನೆ, ಮೊದಲು ನಿನಗೂ ಅಂಥ ದಿನ ಬರಬೇಕಷ್ಟೇ.

ಗೆಳತಿ ಎಂದು ಬರೆಯಲು ಕೈ ಬರುತ್ತಿಲ್ಲ,
ಆಗ್ನಸ್

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಆ ಕಂತು ಓದಿದ ಮರುದಿನ ಎರಡು ಸೀರೆ ಮಡಚಿಕೊಂಡು ಪಾಲಾ ಬಸ್ಸು ಹತ್ತಿದ್ದೆ. ಪಾಪ, ಹೊರಗೆ ನಿಂತು ಅತ್ತಿದ್ದನಲ್ಲ ಅನ್ನಿಸಿಬಿಟ್ಟಿತ್ತು. ಆ ಹೆಸರು ನಿನಗೆ ಹೇಗೆ ಗೊತ್ತಾಯಿತೆಂದು ಅರ್ಧದಾರಿಯಲ್ಲಿ, ಕೊಟ್ಟಾಯಂ ತಲುಪಿದಾಗ, ಹೊಳೆಯದೆ ಹೋಗಿದ್ದರೆ ಈ ಹೊತ್ತಿಗೆ ಅದೇ ಕೋಣೆಯಲ್ಲಿರುತ್ತಿದ್ದೆ. ಅಷ್ಟು ಚೆನ್ನಾಗಿ ಬರೆದಿದ್ದೀಯ.