ಅಂಟು ಹಾಕಿಸಿಕೊಂಡ ಜೀವಕೋಶ

ಮೂಡಬಿದಿರೆ
9-12-1988

ಅಕ್ಕನಿಗೆ ನಮಸ್ಕಾರ.

ತೀರ್ಪುಗಾರನಾಗಿ ಬಂದಿರುವ ಈ ಊರಿನಲ್ಲಿ ಎಲ್ಲರದ್ದೂ ತುಳು. ನನ್ನೊಡನೆ ಮಾತ್ರ ಪುಸ್ತಕದಂಥ ಕನ್ನಡ. ವಿಜ್ಞಾನ ಪ್ರದರ್ಶನಕ್ಕೆ ಬಂಟ್ವಾಳದ ವಾಗ್ದೇವಿ ಎಂಬ ಹುಡುಗಿ ಬುಟ್ಟಿ ಮಗುಚಿ ಜೀವಕೋಶ ಮಾಡಿದ್ದಳು. ಅದರ ಹೊರಮೈಯಲ್ಲಿ ಸಂದೇಶ ಹಿಡಿಯುವ ಗ್ರಾಹಕಗಳೆಂದು ತಂತಿಯ ಕಡ್ಡಿಗಳನ್ನು ಒಂಟೊಂಟಿಯಾಗಿ ನಿಲ್ಲಿಸಿದ್ದಳು. ಹಾರ್ಮೋನಿನ ಮಣಿ ಇಟ್ಟರೆ ಎರಡು ಕಡ್ಡಿ ಜೋಡಿಯಾಗಿ ಒಳಗೆ ಬಲ್ಬು ಉರಿಯಬೇಕು. ಮಣಿ ತೆಗೆದರೆ ಅವು ಬೇರೆಯಾಗಿ ಬಲ್ಬು ಆರಬೇಕು.

ಅತಿಥಿಗಳಿಗೆ ಅಚ್ಚುಕಟ್ಟಾಗಿ ಕಾಣಲೆಂದು ಇಲ್ಲಿಯ ಶಾಲೆಯ ಹೆಡ್ಮಾಸ್ತರರು ನಿನ್ನೆ ಎಲ್ಲವನ್ನೂ ಜೋಡಿಜೋಡಿಯಾಗಿ ಅಂಟಿಸಿಬಿಟ್ಟರು. ಬೆಳಗಾಗುವಷ್ಟರಲ್ಲಿ ಬಲ್ಬು ಉರಿದುರಿದು ಬ್ಯಾಟರಿ ಖಾಲಿ.

"ಅಂಟಿಸಿದ್ದು ನಾನಲ್ಲ ಸರ್, ಅವು ಬೇರೆ ಆಗಬೇಕು" ಎಂದಳು ಹುಡುಗಿ.

"ಬೇರೆ ಆಗುವುದು ಯಾಕೆ ಮಾರಾಯ್ತಿ? ಸಡಿಲ ಇದ್ದದ್ದನ್ನು ಗಟ್ಟಿ ಮಾಡಿ ಕೊಟ್ಟಿದ್ದೇನೆ!"

1974ರಲ್ಲಿ ಮೈಸೂರಿನ ತರಬೇತಿಯಲ್ಲಿ, ನೀರು ತೊಟ್ಟಿಕ್ಕದಿರಲೆಂದು ಹೃದಯದ ಮಾದರಿಯ ಕವಾಟಗಳಿಗೆ ಮೇಣ ಮೆತ್ತಿದ ಮಹಾಶಯರೂ ಇವರೇ. ಹದಿನಾಲ್ಕು ವರ್ಷದಲ್ಲಿ ಹೃದಯದಿಂದ ಜೀವಕೋಶದವರೆಗೆ ಮುಂದುವರಿದಿದ್ದಾರೆ.

ಉಳಿದಿಬ್ಬರು ತೀರ್ಪುಗಾರರು ಸೊನ್ನೆ ಹಾಕಿದರು. ಹಾಗಾದರೆ ಹುಡುಗಿಗೆ ಬೆಂಗಳೂರಿನ ರಾಜ್ಯಮಟ್ಟದ ಪ್ರದರ್ಶನ ತಪ್ಪುತ್ತದೆ. ಅಂಟು ಬಿಡಿಸಿ, ಹೊಸ ಬ್ಯಾಟರಿ ಹಾಕಿ ಮತ್ತೆ ನೋಡುವವರೆಗೆ ಅಂಕಪಟ್ಟಿಗೆ ನನ್ನ ಸಹಿ ಇಲ್ಲವೆಂದಿದ್ದೇನೆ.

ಮೊಣಕಾಲು ನೋವು ಕಡಿಮೆ. ನಾಳೆಯ ಬಸ್ಸಿಗೆ ನನ್ನನ್ನು ಕಾಯಬೇಡ.

ಈಗಷ್ಟೇ ಹೆಡ್ಮಾಸ್ತರರು ಎಳನೀರು ಹಿಡಿದು ಬಂದರು. "ಬೊಂಡ ಕುಡಿಯಿರಿ ಸರ್, ಮತ್ತೆ ಸಹಿ ಹಾಕುವ" ಎಂದರು. ಎರಡು ಕುಡಿದೆ. ಸಹಿ ಹಾಕಲಿಲ್ಲ.

ನಿನ್ನ ತಮ್ಮ
ಸೀತಾಪತಿ