ಮಂಗಳಾ ಕಳಿಸಿದ ‘ಊಟ ಆಯ್ತಮ್ಮ’

ಶಿರಾ,
ಬುಧವಾರ, 12 ಫೆಬ್ರವರಿ 2025

ಅಮ್ಮನಿಗೆ ತೇಜು ಮಾಡುವ ನಮಸ್ಕಾರ.

ಮಧುಗಿರಿಯ ಸಮಸ್ತ ನಾಗರಿಕರ ಗಮನಕ್ಕೆ: ಶ್ರೀಮತಿ ಲಕ್ಷ್ಮೀದೇವಮ್ಮನವರ ಏಕೈಕ ಪುತ್ರಿ ಆರು ವರ್ಷಗಳ ಬಳಿಕ ಪೆನ್ನಿನ ಮುಚ್ಚಳ ತೆಗೆದಿದ್ದಾಳೆ. ಇಂಕು ಇಳಿಯಲು ಐದು ನಿಮಿಷ ಗೀಚಬೇಕಾಯಿತು.

ಫೋನ್ ಮಾಡಿದರೆ ಪಕ್ಕದ ಮನೆ ಚಿಕ್ಕಕ್ಕ ಎತ್ತುತ್ತಾರೆ. “ನಿಮ್ಮಮ್ಮ ಮಾತಾಡಕಿಲ್ವಂತೆ ಕಣಮ್ಮ. ಫೋನ್ನಾಗಿರೋದು ನನ್ ಮಗಳೋ ಇನ್ಯಾರೋ, ಹೆಂಗ್ ನಂಬ್ಲಿ ಅಂತಾಳೆ” ಎಂದರು. ಅದಕ್ಕೇ ಈ ಕೈಬರಹ. ಇಷ್ಟು ಕೆಟ್ಟದಾಗಿ ಬರೆಯುವವಳು ನಿನ್ನ ಮಗಳೊಬ್ಬಳೇ.

ಹೋದ ವರ್ಷ ಚಿತ್ರದುರ್ಗದ ಕೋಟೆ ಹತ್ತುವಾಗ ಹತ್ತೊಂಬತ್ತು ಸಲ ಫೋನ್ ಮಾಡಿದ್ದೆ ನೀನು. ಟೋಪಿ ಹಾಕಿದ್ದೀಯಾ ಎಂಬುದಕ್ಕೇ ಮೂರು. ಹಾಗಾಗಿ ಶನಿವಾರ ಗೆಳತಿಯರ ಜೊತೆ ನಿಡುಗಲ್ಲು ಬೆಟ್ಟಕ್ಕೆ ಹೊರಟಾಗ, ಎರಡು ದಿನ ಯಾರಿಗೂ ಉತ್ತರ ಕೊಡದೆ ಇರಬೇಕು ಅನ್ನಿಸಿತು. ನಾನು ಪಾವಗಡದಲ್ಲೇ ಇದ್ದೇನೆಂದು ನಿನಗೆ ಕಾಣಲೆಂದು ಲೊಕೇಶನ್ ಹಾಕಿ, ಫೋನನ್ನು ಅಲ್ಲಿನ ಗೆಳತಿ ಮಂಗಳಾ ಮನೆಯಲ್ಲಿ ಚಾರ್ಜಿಗಿಟ್ಟೆ. ಕರೆ ಬಂದರೆ ಎತ್ತಬೇಡ, ಹೊತ್ತಿಗೆ ಸರಿಯಾಗಿ ‘ತಿಂಡಿ ಆಯ್ತು’, ‘ಊಟ ಆಯ್ತು’ ಕಳಿಸು ಎಂದು ಹೇಳಿಕೊಟ್ಟವಳು ನಾನೇ.

ಭಾನುವಾರ ನೀನು ಬಚ್ಚಲಲ್ಲಿ ಜಾರಿ, ಫೋನಿನವರೆಗೆ ತೆವಳಿ, ಏಳು ಸಲ ಕರೆ ಮಾಡಿದೆ. ಕೊನೆಗೆ ವಾಯ್ಸ್ ಮೆಸೇಜ್. ತಾಯಿ ಮಗಳಿಗೆ ಹೇಳಿದ್ದನ್ನು ತಾನು ಕೇಳಬಾರದೆಂದು ಮಂಗಳಾ ಅದನ್ನು ತೆರೆಯಲಿಲ್ಲ. ಅಷ್ಟು ಮರ್ಯಾದಸ್ಥೆ. ಒಂದೂವರೆಗೆ ಸರಿಯಾಗಿ ‘ಊಟ ಆಯ್ತಮ್ಮ’ ಎಂದು ಕಳಿಸಿದಳು, ಜೊತೆಗೊಂದು ನಗುವ ಮುಖ.

ಸಂಜೆ ಬೆಟ್ಟ ಇಳಿದು ಬಂದು ನಾನು ಅದನ್ನು ಕೇಳಿಸಿಕೊಂಡೆ. “ತೇಜು, ಕಾಲು ಊರಾಕಾಗ್ತಿಲ್ಲ ಕಣೆ. ಚಿಕ್ಕಕ್ಕ ಫೋನ್ ಎತ್ತಾಕಿಲ್ಲ. ಯಾರ್ನಾದ್ರೂ ಕಳ್ಸಮ್ಮ.” ಚಿಕ್ಕಕ್ಕ ನಿನ್ನನ್ನು ನೋಡುವ ಹೊತ್ತಿಗೆ ನಾಲ್ಕು ಗಂಟೆಯಾಗಿತ್ತಂತೆ.

ಸೋಮವಾರ ಆಸ್ಪತ್ರೆಗೆ ಬಂದು, ಮೆಸೇಜ್ ಕಳಿಸಿದ್ದು ಮಂಗಳಾ ಎಂದು ಹೇಳಿದೆ. “ಊಟ ಆಯ್ತೇನಮ್ಮ” ಎಂದು ಕೇಳಿ ಗೋಡೆಯ ಕಡೆ ತಿರುಗಿದೆ ನೀನು. “ಎಲ್ಡು ದಿನ ಬುಡಮ್ಮ, ಕ್ವಾಪ ಇಳೀಲಿ” ಎಂದು ಚಿಕ್ಕಕ್ಕ ನನ್ನನ್ನು ಬಸ್ ಹತ್ತಿಸಿದರು.

ಮಂಗಳಾಳನ್ನು ಬೈಯಬೇಡ. ಆ ಬೆಟ್ಟದ ಮೇಲೆ ನನಗೆ ನೆಮ್ಮದಿ ಸಿಕ್ಕಿತ್ತು, ಇಲ್ಲವೆಂದರೆ ಇನ್ನೊಂದು ಸುಳ್ಳಾಗುತ್ತದೆ. ಚುಚ್ಚುವುದೂ ಅದೇ.

ಇಂತಿ, ಈ ಸಲ ನಿಜವಾಗಿಯೂ,
ನಿನ್ನ ತೇಜಸ್ವಿನಿ

ತಾ.ಕ.: ಒಂದು ಮುಚ್ಚಿಟ್ಟಿದ್ದೆ. ಭಾನುವಾರ ಹನ್ನೊಂದರ ಹೊತ್ತಿಗೆ ಯಾಕೋ ಮನಸ್ಸು ತಡೆಯದೆ, ನಿಡುಗಲ್ಲಿನಲ್ಲಿ ನಮಗೆ ಟೀ ಕೊಟ್ಟ ಕೊಲ್ಲಾಪುರಮ್ಮನ ಫೋನ್ ಇಸಕೊಂಡೆ. ನಿನ್ನ ನಂಬರೇ ನೆನಪಿಗೆ ಬರಲಿಲ್ಲ. ನನ್ನ ಫೋನಿನಲ್ಲಿ ನೀನು ಬರೀ ‘ಅಮ್ಮ’. “ಅಮ್ಮ ನಂಬರೇ ತೆಲೀದಾ ನಿಂಗೆ” ಎಂದು ಆಕೆ ತನ್ನ ತೆಲುಗು ಬೆರೆತ ಮಾತಿನಲ್ಲಿ ಕೇಳಿ ನಕ್ಕಳು. ಈಗ ಬಾಯಿಪಾಠ ಮಾಡಿದ್ದೇನೆ. ಬರುವ ಭಾನುವಾರ ಸಂಜೆ ಆರಕ್ಕೆ ಇಲ್ಲಿನ ಟೀ ಅಂಗಡಿಯ ಫೋನಿನಿಂದ, ಎಲ್ಲೂ ನೋಡಿಕೊಳ್ಳದೆ ಒತ್ತುತ್ತೇನೆ. ಗುರುತಿಲ್ಲದ ನಂಬರೆಂದು ಕಟ್ ಮಾಡದೆ, ಚಿಕ್ಕಕ್ಕನಿಗೂ ಕೊಡದೆ, ನೀನೇ ಎತ್ತು.