ಮಲಿಕಾಬಿಯನ್ನು ಕರೆಯುವ ಹೊತ್ತು

ಮಿಶ್ರಿಕೋಟಿ
೯ ಆಗಸ್ಟ್ ೧೯೭೩

ನಮ್ಮ ಯಜಮಾನರಿಗೆ ಕಸ್ತೂರೆವ್ವ ಮಾಡುವ ಶರಣಾರ್ಥಿ.

ಮಿರಜಿನ ನೀರು ಒಗ್ಗಿತೇ? ಕೆಮ್ಮು ಕಡಿಮೆಯಾಯಿತೇ? ರೈಲಿನ ಕೆಲಸ, ಮಳೆಯಲ್ಲಿ ನೆನೆಯಬೇಡಿ. ಇಲ್ಲಿ ಅತ್ತೆ ಆರಾಮ ಇದ್ದಾರೆ. ನನಗೆ ಒಂಬತ್ತು ತುಂಬುತ್ತ ಬಂತು.

ಸೂಲಗಿತ್ತಿ ಮಲಿಕಾಬಿಯನ್ನು ಇನ್ನು ಯಾರೂ ಹೆರಿಗೆಗೆ ಕರೆಯಬಾರದೆಂದು ಹಿರಿಯರು ಸೋಮವಾರ ಗೊತ್ತುಮಾಡಿದರು. ವರ್ಷದಲ್ಲಿ ಅವಳು ಮಾಡಿಸಿದ ಎಂಟು ಹೆರಿಗೆಗಳಲ್ಲಿ ಮೂರು ಕೂಸು ಹೋದವು. ಇನ್ನೊಬ್ಬ ಸೂಲಗಿತ್ತಿ ರೇವವ್ವನ ಮೂವತ್ತಾರರಲ್ಲಿ ಎರಡೇ. ಹಿರಿಯರಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ. ಹೆಪ್ಪು ಕೇಳುವ ನೆಪದಲ್ಲಿ, ಏದುಸಿರು ಬಿಡುತ್ತ, ಬಾಣಂತಿಯರಿದ್ದ ಮನೆಗಳಿಗೆಲ್ಲ ಹೋಗಿ ಕೇಳಿದೆ. ಮಲಿಕಾಬಿಯ ಎಂಟೂ ಕೂಸುಗಳು ಹೊಟ್ಟೆಯಲ್ಲಿ ಅಡ್ಡ ತಿರುಗಿದವು, ಇಲ್ಲವೆ ಕಾಲು ಮುಂದಾದವು. ರೇವವ್ವ ಕೈಬಿಟ್ಟ ಮೇಲೆ ಇವಳನ್ನು ಕರೆಸಿದ್ದು. ಐದು ಉಳಿದವು. ರೇವವ್ವನ ಕೈಯಲ್ಲಿ ಅಂಥವು ಎರಡಿದ್ದವು. ಆ ಮನೆಯವರು ಮಲಿಕಾಬಿಯನ್ನು ಕರೆಯಲಿಲ್ಲ, ಎರಡೂ ಹೋದವು. ಉಳಿದ ಮೂವತ್ತನಾಲ್ಕು ಸಸಾರ ಹೆರಿಗೆ. ಕಷ್ಟದ್ದನ್ನು ಕಷ್ಟದ್ದರ ಪಕ್ಕ ಇಟ್ಟು ನೋಡಬೇಕಲ್ಲವೇ? ಎರಡೇ ಮನೆಯ ಲೆಕ್ಕದಿಂದ ಗಟ್ಟಿಯಾಗಿ ಏನೂ ಹೇಳಲಾಗದು, ಅದು ನನಗೂ ಗೊತ್ತು. ಆದರೆ ಹಿರಿಯರು ಅಷ್ಟನ್ನೂ ಕೇಳಲಿಲ್ಲ.

ನಿಮ್ಮ ತಂಗಿ ಶಿವಗಂಗವ್ವನ ಕೂಸು ಆ ಮೂರರಲ್ಲಿ ಒಂದು. ನಿಮಗೂ ಮಲಿಕಾಬಿಯ ಹೆಸರು ಕೇಳಿದರೆ ಸಂಕಟವಾಗುತ್ತದೆ, ಬಲ್ಲೆ. ಆದರೆ ಎರಡು ದಿನ ಬೇನೆ ತಿಂದ ಮೇಲೆ ಕರೆಸಿದೆವು. ಶಿವಗಂಗವ್ವ ಬದುಕಿದ್ದನ್ನು ಯಾರೂ ಎಣಿಸುವುದಿಲ್ಲ.

ಇದನ್ನೆಲ್ಲ ಅತ್ತೆಗೆ ಹೇಳಿದೆ. "ಆಕಿ ಹೊಕ್ಕ ಮನಿಯಾಗ ಕೂಸು ಉಳಿಯೂದಿಲ್ಲ" ಅಂದರು.

"ಕೂಸು ಉಳಿಯೂದು ಕಷ್ಟ ಅಂದಾಗನ ಆಕೀನ್ನ ಕರೀತಾರ್ರಿ" ಅಂದೆ.

ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಆಮೇಲೆ, "ಸತ್ತ ಕೂಸಿನ್ನ ನಾ ಉಡ್ಯಾಗ ಹಿಡದೀನಿ. ನೀ ಮುಲ್ಕಿ ಪರೀಕ್ಷಾ ಪಾಸಾದಾಕಿ, ಲೆಕ್ಕಾ ಹೇಳ್ತಿ" ಎಂದು ಎದ್ದುಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಬಾಜು ಮನೆಯ ಗುಡದಪ್ಪ ಕಾಕಾ ನಿಮ್ಮನ್ನು ಕೇಳಿದ್ದಾರೆ. ವೇಳೆಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ಕಸ್ತೂರೆವ್ವ

ತಾ.ಕ. ಬರೆಯಬೇಕೆಂದು ಕೂತದ್ದು ಇದು, ಕೈ ಬರಲಿಲ್ಲ. ನಮ್ಮ ಕೂಸೂ ಅಡ್ಡ ಇದೆ. ನಿನ್ನೆ ಮಲಿಕಾಬಿ ಹಿತ್ತಿಲಿಂದ ಬಂದು ಮುಟ್ಟಿ ನೋಡಿ, "ಬ್ಯಾನಿ ಸುರು ಆದಕೂಡ್ಲೇ ಕರೀರಿ, ತಡಾ ಮಾಡಬ್ಯಾಡ್ರಿ" ಅಂದಳು. ಮಳೆಗೆ ರಸ್ತೆ ಕೆಟ್ಟು ಹುಬ್ಬಳ್ಳಿಯ ಬಸ್ಸು ನಿಂತಿದೆ, ದವಾಖಾನೆಗೆ ಹೋಗುವಂತಿಲ್ಲ. ಅವಳನ್ನು ಕರೆಸು ಎಂದು ನಿಮ್ಮ ಅವ್ವನಿಗೆ ಒಂದು ಸಾಲು ಬರೆಯಿರಿ, ನಿಮ್ಮ ಮಾತು ಮೀರುವುದಿಲ್ಲ. ಅಷ್ಟರೊಳಗೇ ಬೇನೆ ಬಂದರೆ ನಾನೇ ನಡೆದು ಮಲಿಕಾಬಿಯ ಮನೆಗೆ ಹೋಗಿರುತ್ತೇನೆ. ನೀವು ಅಲ್ಲಿಗೇ ಬನ್ನಿ.